ವಿನೈಲ್ ಸೈಡಿಂಗ್ ಹಾಕಿಸುವ ಮುಂಚೆ ಇದನ್ನು ಓದಿ: ಮೊಳೆ ಬಿಗಿದು ನನ್ನ ಗೋಡೆ ಹಾಳು ಮಾಡಿದರು

ಮನೆಯ ಹೊರಗೋಡೆಗೆ ವಿನೈಲ್ ಸೈಡಿಂಗ್, ಅಂದರೆ ಪ್ಲಾಸ್ಟಿಕ್ ಪ್ಯಾನೆಲ್‌ಗಳ ಹೊದಿಕೆ, ಹಾಕಿಸುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಆಮೇಲೆ ಅಡ್ವಾನ್ಸ್ ಕೊಡಿ. ನಮ್ಮ ಮನೆಯ ಬಿಸಿಲು ಬೀಳುವ ಗೋಡೆ ಈಗ ಅಲೆ ಅಲೆಯಾಗಿ ಉಬ್ಬಿಕೊಂಡಿದೆ. ಬಂದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. "ಹೊಸದಾಗಿ ಹಾಕಿಸಿದ್ದಲ್ವಾ ಇದು?" ಅಂತ ಕೇಳುತ್ತಾರೆ. ಏನು ಹೇಳಲಿ? ದುಡ್ಡು ಹೋದ ಸಂಕಟ ಒಂದು ಕಡೆ, ಈ ಪ್ರಶ್ನೆಗೆ ತಲೆ ತಗ್ಗಿಸಿ ನಿಲ್ಲುವುದು ಇನ್ನೊಂದು ಕಡೆ.

ಪ್ಯಾನೆಲ್‌ನಲ್ಲಿ ದೋಷ ಇಲ್ಲ. ಹಾಕಿದ ರೀತಿಯಲ್ಲಿ ದೋಷ. ಇದನ್ನು ಮತ್ತೆ ಮತ್ತೆ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ವಿನೈಲ್ ಅಂದರೆ ಪಿವಿಸಿ. ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಸುಮಾರು 12 ಅಡಿಯ ಒಂದು ಪ್ಯಾನೆಲ್ ಚಳಿಗೂ ಸುಡುಬಿಸಿಲಿಗೂ ನಡುವೆ ಅರ್ಧ ಇಂಚಿನಷ್ಟು ಉದ್ದ ಬದಲಾಯಿಸುತ್ತದೆ. ಅದಕ್ಕೇ ಇದನ್ನು ಗೋಡೆಗೆ ಬಿಗಿಯುವ ಹಾಗಿಲ್ಲ, ನೇತುಹಾಕಬೇಕು. ಪ್ಯಾನೆಲ್‌ನ ಮೇಲಂಚಿನಲ್ಲಿ ಉದ್ದುದ್ದ ಸೀಳುಗಳಿರುತ್ತವೆ. ಮೊಳೆ ಸೀಳಿನ ಸರಿಯಾಗಿ ಮಧ್ಯಕ್ಕೆ ಬೀಳಬೇಕು. ಮೊಳೆಯ ತಲೆಗೂ ಪ್ಯಾನೆಲ್‌ಗೂ ನಡುವೆ ಒಂದು ಮಿಲಿಮೀಟರ್‌ನಷ್ಟು ಸಂದು ಉಳಿಯಬೇಕು. ಮೂಲೆಯ ಪಟ್ಟಿಯಲ್ಲಿ, ಕಿಟಕಿ ಸುತ್ತ ಪ್ಯಾನೆಲ್ ತುದಿ ಸೇರಿಸುವ ಪಟ್ಟಿಯಾದ ಜೆ ಚಾನೆಲ್‌ನಲ್ಲಿ ಪ್ಯಾನೆಲ್ ಕೊನೆಯಾಗುವ ಕಡೆ ಕಾಲು ಇಂಚು ಜಾಗ ಬೇಕು. ತುಂಬಾ ಚಳಿಯಲ್ಲಿ ಹಾಕಿದರೆ ಇನ್ನೂ ಸ್ವಲ್ಪ ಜಾಸ್ತಿ.

ಇದೆಲ್ಲ ನನಗೆ ಕಂಟ್ರಾಕ್ಟರ್ ಹೇಳಿದ್ದಲ್ಲ. ಅವರು ಹೇಳಿದ್ದು ಬರೀ ದಪ್ಪದ ವಿಷಯ. "ಸಾರ್, ಒಂದು ಮಿಲಿಮೀಟರ್‌ದು ಬೇಡ, 1.2 ತಗೊಳ್ಳಿ, ಜನ್ಮದಲ್ಲಿ ಬಾಗಲ್ಲ." ದಪ್ಪದ್ದೇ ತಗೊಂಡೆ. ಜಾಸ್ತಿ ದುಡ್ಡೂ ಕೊಟ್ಟೆ. ದಪ್ಪ ಪ್ಯಾನೆಲ್ ಗಟ್ಟಿ ಇರುತ್ತದೆ ಅನ್ನುವುದು ನಿಜ, ಆದರೆ ಹಿಗ್ಗಲು ಜಾಗ ಕೊಡದಿದ್ದರೆ ಅದೂ ಉಬ್ಬುತ್ತದೆ.

ಕೆಲಸ ಮುಗಿದ ದಿನ ಗೋಡೆ ಚೆನ್ನಾಗಿಯೇ ಕಾಣುತ್ತಿತ್ತು. ಪೂರ್ತಿ ದುಡ್ಡು ಎಣಿಸಿಕೊಂಡು ಹೋದರು. ಬೇಸಿಗೆ ಶುರುವಾಯಿತು ನೋಡಿ, ಮಧ್ಯಾಹ್ನ ಗೋಡೆಯಿಂದ ಟಪ್ ಟಪ್ ಅಂತ ಸದ್ದು. ಆಮೇಲೆ ಉಬ್ಬು. ಫೋನ್ ಮಾಡಿದರೆ, "ಬಿಸಿಲಿಗೆ ಹಾಗೇ ಆಗುತ್ತೆ ಸಾರ್, ಚಳಿ ಬಂದರೆ ತಾನೇ ಕೂತ್ಕೊಳ್ಳುತ್ತೆ." ಮತ್ತೆ ಮಾಡಿದೆ. "ಮೆಟೀರಿಯಲ್ ಪ್ರಾಬ್ಲಮ್ ಇರಬೇಕು, ಕಂಪನಿಯವರನ್ನ ಕೇಳಿ." ಕಂಪನಿಯವರು ಫೋಟೋ ನೋಡಿ, ತಪ್ಪಾಗಿ ಹಾಕಿದ್ದಕ್ಕೆ ವಾರಂಟಿ ಬರಲ್ಲ ಅಂದರು. ಅತ್ತ ಅವರಿಲ್ಲ, ಇತ್ತ ಇವರಿಲ್ಲ.

ಕೊನೆಗೆ ಈ ಕೆಲಸ ಗೊತ್ತಿರುವ ಇನ್ನೊಬ್ಬರನ್ನು ಕರೆಸಿದೆ. ಅವರು ಒಂದು ಚಿಕ್ಕ ಕೊಕ್ಕೆಯಂಥ ಸಾಮಾನು ತಂದಿದ್ದರು, ಜಿಪ್ ಟೂಲ್ ಅನ್ನುತ್ತಾರೆ ಅದಕ್ಕೆ. ಅದರಿಂದ ಪ್ಯಾನೆಲ್‌ನ ಕೆಳಅಂಚು ಬಿಡಿಸಿ ಎತ್ತಿ, "ಸಾರ್, ಇಲ್ಲಿ ನೋಡಿ" ಅಂದರು. ನೋಡಿದೆ. ಮೊಳೆ ಸೀಳಿನ ಮಧ್ಯದಲ್ಲಿಲ್ಲ, ತುದಿಗೆ ಒತ್ತಿಕೊಂಡಿದೆ. ತಲೆ ಎಷ್ಟು ಬಿಗಿಯಾಗಿ ಹೂತಿತ್ತು ಅಂದರೆ ಸುತ್ತ ವಿನೈಲ್ ಗುಳಿ ಬಿದ್ದು ಬೆಳ್ಳಗಾಗಿತ್ತು. ಪಕ್ಕದ್ದೂ ಹಾಗೇ. ಅದರಾಚೆಯದೂ ಹಾಗೇ. ಕಾಲು ಇಂಚು ಸಂದು ಇರಬೇಕಾದ ಕಡೆ ಸಿಲಿಕೋನ್ ತುಂಬಿದ್ದರು! "ಸಂದು ಕಾಣಿಸಿದರೆ ಚೆನ್ನಾಗಿರಲ್ಲ ಸಾರ್, ಫಿನಿಶಿಂಗ್ ಮಾಡಿಕೊಡ್ತೀವಿ" ಅಂತ ಅವತ್ತು ಹೇಳಿದ್ದು ಇದನ್ನೇ. ನಾನು ಅದಕ್ಕೆ ಥ್ಯಾಂಕ್ಸ್ ಬೇರೆ ಹೇಳಿದ್ದೆ. ಹೊಟ್ಟೆ ಉರಿದು ಹೋಯಿತು.

ಇನ್ನೂ ಇದೆ. ಕಿಟಕಿ ಮೇಲೆ ಫ್ಲ್ಯಾಶಿಂಗೇ (ನೀರನ್ನು ಹೊರಗೆ ಹರಿಸುವ ಪಟ್ಟಿ) ಹಾಕಿಲ್ಲ. ಸೈಡಿಂಗ್ ನೀರನ್ನು ಪೂರ್ತಿ ತಡೆಯುವುದಿಲ್ಲ, ಸ್ವಲ್ಪ ನೀರು ಹಿಂದೆ ಹೋಗಿಯೇ ಹೋಗುತ್ತದೆ. ಅದನ್ನು ತಡೆಯುವುದು ಹಿಂದೆ ಗೋಡೆಗೆ ಹೊದಿಸುವ ಹಾಳೆಯಾದ ಹೌಸ್ ರ‍್ಯಾಪ್ ಮತ್ತು ಫ್ಲ್ಯಾಶಿಂಗ್. ನಮ್ಮಲ್ಲಿ ಕಿಟಕಿ ಪಕ್ಕದ ಹಲಗೆ ಕೈಯಿಟ್ಟರೆ ಮೆತ್ತಗಿತ್ತು.

ಫೋಟೋ ಎಲ್ಲ ಕಂಟ್ರಾಕ್ಟರ್‌ಗೆ ಕಳಿಸಿ ಕೇಳಿದೆ. ಬಂದ ಉತ್ತರ ಓದಿ: "ಗಾಳಿಗೆ ಹಾರಬಾರದು ಅಂತ ಟೈಟ್ ಮಾಡಿದ್ದು. ಗಟ್ಟಿಯಾಗಿರಲಿ ಅಂತ ನೀವೇ ಹೇಳಿದ್ರಲ್ಲ ಸಾರ್." ನಾನು ಹೇಳಿದ್ನಂತೆ! ಗಟ್ಟಿ ಕೆಲಸ ಬೇಕು ಅಂದರೆ ಮೊಳೆ ಬಿಗಿ ಅಂತ ಅರ್ಥವಾ? ಮಾರನೇ ದಿನ ಇನ್ನೊಂದು ಮೆಸೇಜ್: "ಉಬ್ಬಿರುವ ಕಡೆ ಮುಂದಿನಿಂದ ಎರಡೆರಡು ಸ್ಕ್ರೂ ಹಾಕಿಸಿ ಕೊಡ್ತೀವಿ, ಲೇಬರ್ ಚಾರ್ಜ್ ಮಾತ್ರ ಕೊಡಿ." ಮುಂದಿನಿಂದ ಪ್ಯಾನೆಲ್ ಮೈಗೆ ತೂತು ಕೊರೆದು ಸ್ಕ್ರೂ! ಯಾವ ತಪ್ಪಿನಿಂದ ಗೋಡೆ ಹಾಳಾಯಿತೋ ಅದನ್ನೇ ಮತ್ತೆ ಮಾಡುತ್ತಾರಂತೆ, ಅದಕ್ಕೂ ದುಡ್ಡು. ಬೇಡ ಅಂದ ಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು.

ನೀವು ಹಾಕಿಸುವುದಾದರೆ ಪ್ಯಾನೆಲ್ ಡಬ್ಬದಲ್ಲಿ ಬರುವ ಸೂಚನೆ ಹಾಳೆಯನ್ನು ಮೊದಲೇ ಇಸ್ಕೊಳ್ಳಿ, ಕೆಲಸದವರ ಮುಂದೆಯೇ ಓದಿ. ಒಪ್ಪಂದದಲ್ಲಿ "ಕಂಪನಿಯ ಸೂಚನೆಯಂತೆ ಅಳವಡಿಸಬೇಕು" ಅಂತ ಬರೆಸಿ. ಸೈಡಿಂಗ್ ಮುಚ್ಚುವ ಮೊದಲು ಕಿಟಕಿ ಮೇಲಿನ ಫ್ಲ್ಯಾಶಿಂಗ್ ಫೋಟೋ ತೆಗೆದಿಟ್ಟುಕೊಳ್ಳಿ. ಮೊದಲ ಸಾಲು ಹಾಕುತ್ತಿದ್ದಂತೆ ಪ್ಯಾನೆಲ್ ಹಿಡಿದು ಪಕ್ಕಕ್ಕೆ ತಳ್ಳಿ ನೋಡಿ. ಆ ಕಡೆ ಈ ಕಡೆ ಸ್ವಲ್ಪ ಜಾರಬೇಕು. ಜಾರದಿದ್ದರೆ ಅಲ್ಲೇ ಕೆಲಸ ನಿಲ್ಲಿಸಿ. "ಸಾರ್, ನಮಗೆ ಗೊತ್ತಿರಲ್ವಾ?" ಅಂತ ನಕ್ಕರೂ ನಿಲ್ಲಿಸಿ. ಕೊನೆಯ ಕಂತನ್ನು ಒಂದು ಬೇಸಿಗೆ ಕಳೆಯುವವರೆಗೆ ಕೈಯಲ್ಲೇ ಇಟ್ಟುಕೊಳ್ಳಲು ಆಗುತ್ತಾ ಅಂತ ಮೊದಲೇ ಮಾತಾಡಿ. ಅದಕ್ಕೆ ಒಪ್ಪದವರಿಗೆ ಕೆಲಸ ಕೊಡಬೇಡಿ.