ಹಸಿ ಕಸಕ್ಕೆ ಯಾವ ಚೀಲ: ಕಾಂಪೋಸ್ಟಬಲ್ಲೋ ಬಯೋಡಿಗ್ರೇಡಬಲ್ಲೋ?

ಗೊಬ್ಬರವಾಗುತ್ತದೆ ಎನ್ನುವ ಕಾಂಪೋಸ್ಟಬಲ್, ತಾನಾಗೇ ಕೊಳೆಯುತ್ತದೆ ಎನ್ನುವ ಬಯೋಡಿಗ್ರೇಡಬಲ್, ಹೀಗೆ ಎರಡೂ ಬಗೆಯ ಚೀಲವನ್ನು ಅಡುಗೆಮನೆಯ ಬುಟ್ಟಿಗೆ ಹಾಕಿ ನೋಡಿದರೆ ಮೊದಲು ಗೆಲ್ಲುವುದು ಬಯೋಡಿಗ್ರೇಡಬಲ್ ಚೀಲವೇ. ತಳ ಸೋರುವುದಿಲ್ಲ, ಭಾರ ತುಂಬಿ ಎತ್ತಿದರೂ ಜಪ್ಪಯ್ಯ ಅಂದರೂ ಹರಿದು ಬೀಳುವುದಿಲ್ಲ. ಈ ಹೆಸರಿನಲ್ಲಿ ಸಿಗುವ ಎಷ್ಟೋ ಚೀಲಗಳು ಮಾಮೂಲಿ ಪಾಲಿಥಿನ್. ಕೋಬಾಲ್ಟ್, ಮ್ಯಾಂಗನೀಸ್, ಕಬ್ಬಿಣದಂಥ ಲೋಹದ ಲವಣವನ್ನು ಚೂರು ಬೆರೆಸಿರುತ್ತಾರೆ, ಅಷ್ಟೇ. ಬಿಸಿಲು, ಶಾಖ, ಗಾಳಿ ತಗುಲಿದಾಗ ಚೀಲ ಪುಡಿಯಾಗುತ್ತದೆ. ಆ ಪುಡಿಯೂ ಪ್ಲಾಸ್ಟಿಕ್ಕೇ. ಕಸದ ಗುಡ್ಡೆಯ ಒಳಗೆ ಬಿಸಿಲೂ ಇಲ್ಲ, ಗಾಳಿಯೂ ಇಲ್ಲವಾದ್ದರಿಂದ ಪುಡಿಯಾಗುವುದೂ ಕಷ್ಟ. ಇಂಥ ಆಕ್ಸೋ ಪ್ಲಾಸ್ಟಿಕ್ಕನ್ನು ಯುರೋಪಿಯನ್ ಒಕ್ಕೂಟ 2021ರ ಜುಲೈಯಿಂದ ನಿಷೇಧಿಸಿದೆ. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಯೋಡಿಗ್ರೇಡಬಲ್ ಎಂಬ ಚೀಟಿ ಹೊತ್ತ ಚೀಲ ಮೂರು ವರ್ಷ ಮಣ್ಣಲ್ಲಿದ್ದ ಮೇಲೂ ತುಂಬ ಸಾಮಾನು ಹೊರುವಷ್ಟು ಗಟ್ಟಿಯಾಗಿತ್ತು.

ಹಾಗಂತ ಕಾಂಪೋಸ್ಟಬಲ್ ಚೀಲ ಎಲ್ಲಿ ಬಿಸಾಡಿದರೂ ಮಾಯವಾಗುತ್ತದೆ ಎಂದುಕೊಳ್ಳಬೇಡಿ. ಅದೇ ಅಧ್ಯಯನದಲ್ಲಿ ಕಾಂಪೋಸ್ಟಬಲ್ ಚೀಲವೂ 27 ತಿಂಗಳ ನಂತರ ಮಣ್ಣಲ್ಲಿ ಉಳಿದಿತ್ತು, ಭಾರ ತಡೆಯುತ್ತಿರಲಿಲ್ಲ ಅನ್ನುವುದಷ್ಟೇ ವ್ಯತ್ಯಾಸ. ಇದನ್ನು ಸಾಮಾನ್ಯವಾಗಿ ಪಿಷ್ಟದ ಜೊತೆ ಪಿಎಲ್‌ಎ, ಪಿಬಿಎಟಿ ಎಂಬ, ಸೂಕ್ಷ್ಮಜೀವಿಗಳು ಕೊಳೆಸಬಲ್ಲ ಪ್ಲಾಸ್ಟಿಕ್ಕುಗಳನ್ನು ಬೆರೆಸಿ ಮಾಡುತ್ತಾರೆ. ಚೀಲದ ಮೇಲಿನ ಇಎನ್ 13432 (ಯುರೋಪಿನ ಮಾನದಂಡ), ಎಎಸ್‌ಟಿಎಂ ಡಿ6400 (ಅಮೆರಿಕದ್ದು) ಗುರುತುಗಳು ಹೇಳುವುದು ಗೊಬ್ಬರ ಮಾಡುವ ದೊಡ್ಡ ಘಟಕದ ಮಾತನ್ನು: ಸುಮಾರು 58 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 12 ವಾರಕ್ಕೆ ಚೀಲ ಚೂರಾಗಬೇಕು, 2 ಮಿಲಿಮೀಟರ್ ಜರಡಿಯ ಮೇಲೆ ಶೇ 10ಕ್ಕಿಂತ ಹೆಚ್ಚು ಉಳಿಯಬಾರದು. ಮನೆಯ ಗೊಬ್ಬರದ ಡಬ್ಬಿ ಸಾಮಾನ್ಯವಾಗಿ ಆ ಶಾಖದ ಹತ್ತಿರಕ್ಕೂ ಹೋಗುವುದಿಲ್ಲ. ಮನೆಯಲ್ಲೇ ಗೊಬ್ಬರ ಮಾಡುವವರು ಆಸ್ಟ್ರೇಲಿಯಾದ ಎಎಸ್ 5810 ಅಥವಾ ಫ್ರಾನ್ಸಿನ ಎನ್‌ಎಫ್ ಟಿ51-800 ಗುರುತು ಹುಡುಕಬೇಕು; ಇವುಗಳ ಪರೀಕ್ಷೆ 20ರಿಂದ 30 ಡಿಗ್ರಿಯಲ್ಲಿ ನಡೆಯುತ್ತದೆ.

ಚೀಟಿ ನಂಬಲಾಗದಿದ್ದರೆ ನೀರಿನ ಪರೀಕ್ಷೆ ಮಾಡಿ. ಬೆರಳಗಲದ ತುಂಡಿಗೆ ಪಾತ್ರೆ ತೊಳೆಯುವ ಸೋಪು ಸವರಿ, ಗುಳ್ಳೆ ಉಳಿಯದಂತೆ ಉಜ್ಜಿ, ಲೋಟದ ನೀರಿನೊಳಗೆ ಒತ್ತಿ ಬಿಡಿ. ಪಾಲಿಥಿನ್ ಮೇಲೇಳುತ್ತದೆ, ಕಾಂಪೋಸ್ಟಬಲ್ ಹಾಳೆ ತಳ ಸೇರುತ್ತದೆ. ಸುಣ್ಣಕಲ್ಲಿನ ಪುಡಿ ಹೆಚ್ಚು ಬೆರೆಸಿದ ಪಾಲಿಥಿನ್ ಕೂಡ ಮುಳುಗಬಹುದು. ಆದ್ದರಿಂದ ತೇಲಿದರೆ ಖಂಡಿತ ಬೇಡ, ಮುಳುಗಿದರೆ ಗುರುತಿನ ಸಂಖ್ಯೆಯನ್ನೂ ನೋಡಿ.

ಬಳಕೆಯಲ್ಲಿ ಕಾಂಪೋಸ್ಟಬಲ್ ಚೀಲ ನಾಜೂಕು, ಅದನ್ನು ಒಪ್ಪಿಕೊಂಡೇ ಕೊಳ್ಳಬೇಕು. ತೇವ ಕುಡಿದು ತಳ ಮೆತ್ತಗಾಗುತ್ತದೆ, ಮೂರನೆಯ ನಾಲ್ಕನೆಯ ದಿನಕ್ಕೆ ಜಿನುಗಲು ಶುರು. ಕುದಿಯುವ ಗಂಜಿ, ಬಿಸಿ ಚಹಾದ ಚರಟ ಸುರಿದರೆ ಅಲ್ಲೇ ಹಿಗ್ಗಿ ಹರಿಯುತ್ತದೆ. ಬುಟ್ಟಿಯ ಗೋಡೆಯಲ್ಲಿ ತೂತುಗಳಿದ್ದರೆ ತೇವ ಆರಿ ಚೀಲ ಹೆಚ್ಚು ದಿನ ತಡೆಯುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಬೇಗ ಕೆಡುತ್ತದೆ. ತಳಕ್ಕೆ ಎರಡು ಪದರ ಹಳೆಯ ಪತ್ರಿಕೆ ಹಾಸಿ, ನೀರಿನಂಶ ಬಸಿದು ಹಾಕಿ, ಮುಕ್ಕಾಲು ತುಂಬಿದಾಗಲೇ ತೆಗೆಯಿರಿ. ಅಗ್ಗವೆಂದು ವರ್ಷಗಟ್ಟಲೆಗೆ ಕೊಂಡಿಡುವ ಸರಕಲ್ಲ ಇದು: ಸೆಕೆ, ತೇವ ಇರುವ ಕಪಾಟಿನಲ್ಲಿ ಒಂದೆರಡು ವರ್ಷಕ್ಕೇ ಮಡಿಕೆಗಳಲ್ಲಿ ಸೀಳುತ್ತದೆ.

ಗೊಬ್ಬರದ ಡಬ್ಬಿಗೆ ಗಂಟು ಕಟ್ಟಿದ ಚೀಲವನ್ನು ಇಡಿಯಾಗಿ ಹಾಕಿದರೆ ಒಳಗೆ ಗಾಳಿಯಾಡದೆ ಕಸ ಕೊಳೆತು ನಾರುತ್ತದೆ. ಕಸ ಸುರಿದು, ಚೀಲವನ್ನು ಅಂಗೈಯಗಲ ಕತ್ತರಿಸಿ, ಒಣ ಎಲೆಯ ಜೊತೆ ರಾಶಿಯ ನಡುವೆ ಹೂಳಿ. ಮೇಲೆ ಬಿಟ್ಟ ತುಂಡು ಒಣಗಿ ಹಾಗೇ ಉಳಿಯುತ್ತದೆ. ರಾಶಿ ಹಿಂಡಿದ ಸ್ಪಂಜಿನಷ್ಟು ತೇವವಾಗಿರಲಿ. ಗೊಬ್ಬರ ಜರಡಿ ಹಿಡಿದಾಗ ಸಿಗುವ ಚೂರುಗಳನ್ನು ಮುಂದಿನ ರಾಶಿಗೆ ಸೇರಿಸಿ.

ಕಸ ಒಯ್ಯುವವರ ಘಟಕ ಕಾಂಪೋಸ್ಟಬಲ್ ಚೀಲ ಒಪ್ಪದಿದ್ದರೆ ದುಬಾರಿ ಚೀಲಕ್ಕೆ ಅರ್ಥವಿಲ್ಲ. ಅಂಥಲ್ಲಿ ಬರಿ ಬುಟ್ಟಿಗೆ ಪತ್ರಿಕೆ ಹಾಸಿ, ಸುರಿದು ತೊಳೆಯುವುದೇ ಮೇಲು. ಒಣ ಕಸಕ್ಕೆ ಮರುಬಳಕೆ ಪ್ಲಾಸ್ಟಿಕ್ಕಿನ ಸಾದಾ ಚೀಲ ಸಾಕು. ಬಯೋಡಿಗ್ರೇಡಬಲ್ ಚೀಲಕ್ಕೆ ಮಾತ್ರ ಈ ಮನೆಯಲ್ಲಿ ಯಾವ ಕೆಲಸವೂ ಕಾಣುವುದಿಲ್ಲ. ಬಳಸಿದ ಕಾಂಪೋಸ್ಟಬಲ್, ಬಯೋಡಿಗ್ರೇಡಬಲ್ ಚೀಲಗಳೆರಡನ್ನೂ ಮರುಬಳಕೆಗೆ ಕೊಡುವ ಪಾಲಿಥಿನ್ ಜೊತೆ ಸೇರಿಸಬೇಡಿ. ಕರಗಿಸಿದ ಪ್ಲಾಸ್ಟಿಕ್ಕಿನ ಗುಣ ಕೆಡುತ್ತದೆ.