ಮರದ ವಿಮಾನಕ್ಕೆ ಟಿ-88 ಅಂಟು: ಎಲ್ಲಿ ಸಲೀಸು, ಎಲ್ಲಿ ಎಚ್ಚರ

ಮನೆಯ ಗ್ಯಾರೇಜಿನಲ್ಲಿ ಮರದ ವಿಮಾನ ಕಟ್ಟುವವರಿಗೆ ಅಮೆರಿಕದ ಸಿಸ್ಟಮ್ ತ್ರೀ ಕಂಪನಿಯ ಟಿ-88 ಎಪಾಕ್ಸಿ ಅಂಟನ್ನು ಧೈರ್ಯವಾಗಿ ಶಿಫಾರಸು ಮಾಡಬಹುದು. ಷರತ್ತು ಎರಡೇ. ರೆಸಿನ್ (ಮೂಲ ಅಂಟು), ಹಾರ್ಡನರ್ (ಅದನ್ನು ಗಟ್ಟಿಮಾಡುವ ದ್ರವ) ಎಂಬ ಎರಡೂ ಭಾಗಗಳನ್ನು ಅಳತೆಗೆ ಸರಿಯಾಗಿ ಬೆರೆಸಬೇಕು, ಕಟ್ಟಿ ಮುಗಿಸಿದ ವಿಮಾನಕ್ಕೆ ತಿಳಿಬಣ್ಣವನ್ನೇ ಬಳಿಯಬೇಕು. ಕಡುಕೆಂಪು, ಕಪ್ಪು, ಗಾಢ ಹಸಿರು ಬೇಕೇ ಬೇಕು ಎನ್ನುವವರಿಗೆ ಈ ಅಂಟು ಹೊಂದುವುದಿಲ್ಲ. ಕಾರಣ ಮುಂದೆ ಬರುತ್ತದೆ.

ಮರದ ವಿಮಾನದಲ್ಲಿ ಮೊಳೆಗೆ ಹೊರೆ ಹೊರುವ ಕೆಲಸವಿಲ್ಲ. ಪೀಟನ್‌ಪೋಲ್ ಏರ್ ಕ್ಯಾಂಪರ್ ತೆಗೆದುಕೊಳ್ಳಿ. ಮಿನ್ನೆಸೋಟದ ಚೆರಿ ಗ್ರೋವ್ ಎಂಬ ಸಣ್ಣ ಊರಿನಲ್ಲಿ ಬರ್ನಾರ್ಡ್ ಪೀಟನ್‌ಪೋಲ್ 1929ರ ಹೊತ್ತಿಗೆ ಫೋರ್ಡ್ ಮಾಡೆಲ್ ಎ ಕಾರಿನ ಎಂಜಿನ್ ಕೂರಿಸಿ ಹಾರಿಸಿದ ಎರಡು ಸೀಟಿನ ವಿಮಾನ ಅದು. ಇವತ್ತಿಗೂ ಜನ ಅದರ ನಕ್ಷೆ ಇಟ್ಟುಕೊಂಡು ಕಟ್ಟುತ್ತಿದ್ದಾರೆ. ಅದರ ರೆಕ್ಕೆಗೆ ಆಕಾರ ಕೊಡುವ ಪಕ್ಕೆಲುಬು, ಅಂದರೆ ರಿಬ್, ಒಂದೊಂದೂ ಕಾಲಿಂಚು ಅಗಲ, ಅರ್ಧ ಇಂಚು ಎತ್ತರದ ಸ್ಪ್ರೂಸ್ ಎಂಬ ಮೆದು ಮರದ ಕಡ್ಡಿಗಳಿಂದ ಆದದ್ದು. ಕಡ್ಡಿ ಕಡ್ಡಿ ಸೇರುವ ಕಡೆಯೆಲ್ಲ ಎರಡೂ ಬದಿಗೆ ಇಂಚಿನ ಹದಿನಾರನೇ ಒಂದು ಭಾಗ ದಪ್ಪದ ಪ್ಲೈವುಡ್ ತುಂಡು, ಅಂದರೆ ಗಸೆಟ್. ಗಸೆಟ್‌ಗೆ ಹೊಡೆಯುವ ಕಾಲಿಂಚಿನ ಸಣ್ಣ ಮೊಳೆ ಅಂಟು ಗಟ್ಟಿಯಾಗುವ ತನಕ ತುಂಡನ್ನು ಅದುಮಿ ಹಿಡಿಯಲಿಕ್ಕೆ ಮಾತ್ರ. ಹಾರುವಾಗ ಹೊರೆಯೆಲ್ಲ ಅಂಟಿನ ಮೇಲೆ. ಈ ಕಾರಣಕ್ಕೇ ಎಪಾಕ್ಸಿ ಬಳಸುವವರು ಮೊಳೆಯ ಬದಲು ಸ್ಟೇಪಲ್ ಹೊಡೆದು, ಮರುದಿನ ಕಿತ್ತು ಹಾಕುತ್ತಾರೆ. ತೂಕ ಕಮ್ಮಿಯಾಗುತ್ತದೆ, ಮುಂದೆ ತುಕ್ಕಿನ ಕಾಟವೂ ಇರುವುದಿಲ್ಲ.

ಹಳಬರ ಮೆಚ್ಚಿನ ಅಂಟು ರಿಸಾರ್ಸಿನಾಲ್. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಹೊರತಂದ ದುರಸ್ತಿ ಕೈಪಿಡಿ ಎಸಿ 43.13-1ಬಿ ಇಂದಿಗೂ ಅದನ್ನೇ ಶಿಫಾರಸು ಮಾಡುತ್ತದೆ. ನೀರು, ಬಿಸಿಲು, ಬೂಷ್ಟು ಯಾವುದಕ್ಕೂ ಅದು ಜಗ್ಗುವುದಿಲ್ಲ. ಆದರೆ ಅದು ಕೇಳುವ ಒತ್ತಡ ನೋಡಿ: ಮೆದು ಮರಕ್ಕೆ ಚದರ ಇಂಚಿಗೆ 125ರಿಂದ 150 ಪೌಂಡ್. ಒಂದು ಇಂಚು ದಪ್ಪ, ನಾಲ್ಕೂಮುಕ್ಕಾಲು ಇಂಚು ಎತ್ತರದ ಸ್ಪಾರ್‌ಗೆ (ರೆಕ್ಕೆಯ ಉದ್ದಕ್ಕೂ ಹಾಯುವ ಮುಖ್ಯ ತೊಲೆ) 12ಕ್ಕೆ 1ರ ಇಳಿಜಾರಿನಲ್ಲಿ ಓರೆಯಾಗಿ ಕೊಯ್ದ ತುದಿಗಳನ್ನು ಸೇರಿಸುವ ಓರೆ ಜಾಯಿಂಟ್ ಹಾಕಿದರೆ ಅಂಟುವ ಮೈ ಸುಮಾರು 57 ಚದರ ಇಂಚು. ಲೆಕ್ಕ ಹಾಕಿದರೆ ಮೂರು ಟನ್ನಿಗೂ ಮೀರಿದ ಒತ್ತಡ ಬೇಕು, ಅದೂ ಎಲ್ಲ ಕಡೆ ಸಮವಾಗಿ. ಜೊತೆಗೆ ಕೋಣೆ 21 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದು, ಎರಡು ಮೈಗಳ ನಡುವೆ ಕಾಗದದಷ್ಟೂ ಸಂದು ಉಳಿಯಬಾರದು. ಒಳ್ಳೆಯ ಬಡಗಿಗೆ ಇದು ಸಾಧ್ಯ. ಮೊದಲ ಸಲ ಕೀಸುಳಿ ಹಿಡಿದವರಿಗೆ ಕಷ್ಟ.

ಟಿ-88 ಗೆಲ್ಲುವುದು ಇಲ್ಲೇ. ಇದಕ್ಕೆ ಅದುಮುವ ಒತ್ತಡ ಬೇಕಿಲ್ಲ, ಎರಡು ಮೈ ತಾಗಿ ಕದಲದಂತೆ ಇದ್ದರೆ ಸಾಕು. ಸಣ್ಣ ಸಂದುಗಳನ್ನು ತುಂಬಿಕೊಂಡೂ ಬಲ ಕೊಡುತ್ತದೆ. 2 ಡಿಗ್ರಿ ಸೆಲ್ಸಿಯಸ್‌ನ ಚಳಿಯಲ್ಲೂ ನಿಧಾನವಾಗಿಯಾದರೂ ಗಟ್ಟಿಯಾಗುತ್ತದೆ. ಗಟ್ಟಿಯಾದ ಮೇಲೂ ಗಾಜಿನಂತೆ ಪುಡಿಯಾಗದೆ ಚೂರು ಬಳುಕುವ ಗುಣ ಇದಕ್ಕಿದೆ. ಎಂಜಿನ್ ನಡುಗಿಸುವ ಚೌಕಟ್ಟಿಗೆ ಆ ಗುಣ ಬೇಕೇ ಬೇಕು.

ಸಂದಿನ ವಿಷಯ ಸಣ್ಣದಲ್ಲ. 1944ರಲ್ಲಿ ಭಾರತ-ಬರ್ಮಾ ರಂಗಕ್ಕೆ ಬಂದ, ಮರದಿಂದ ಕಟ್ಟಿದ ಬ್ರಿಟನ್ನಿನ ಮಸ್ಕಿಟೊ ಯುದ್ಧವಿಮಾನಗಳ ರೆಕ್ಕೆಗಳು ಜೋಡಣೆಯಲ್ಲಿ ಬಿಟ್ಟುಕೊಂಡು ಅಪಘಾತಗಳಾದವು. ನವೆಂಬರಿನಲ್ಲಿ ಅವನ್ನೆಲ್ಲ ನೆಲಕ್ಕಿಳಿಸಿ ತಪಾಸಣೆ ಮಾಡಬೇಕಾಯಿತು. ಸೆಕೆ, ಮಳೆಯ ಪಾತ್ರ ಎಷ್ಟು, ಕಾರ್ಖಾನೆಯ ಕೆಲಸದ ಪಾತ್ರ ಎಷ್ಟು ಎಂಬ ವಾದ ಆಗಲೇ ಎದ್ದಿತ್ತು. ಸ್ಪಾರ್‌ಗೂ ಮೇಲಿನ ಪ್ಲೈವುಡ್ ಹೊದಿಕೆಗೂ ನಡುವೆ ಉಳಿದಿದ್ದ ಸಂದುಗಳು ತಪಾಸಣೆಯಲ್ಲಿ ಕಂಡುಬಂದವು. ಹೊರಗಿನಿಂದ ನೋಡಿದರೆ ಅಂಥ ಜಾಯಿಂಟ್ ಚೆನ್ನಾಗಿಯೇ ಕಾಣುತ್ತದೆ.

ಬೆರೆಸುವ ವಿಧಾನದಲ್ಲೇ ಹೆಚ್ಚು ಮಂದಿ ಎಡವುತ್ತಾರೆ. ಡಬ್ಬಿಯ ಮೇಲೆ ಒಂದಕ್ಕೊಂದು ಎಂದಿರುತ್ತದೆ. ಅದು ಗಾತ್ರದ ಲೆಕ್ಕ. ಹಾರ್ಡನರ್ ರೆಸಿನ್‌ಗಿಂತ ಹಗುರ. ಆದ್ದರಿಂದ ತೂಕದಲ್ಲಿ ಹೇಳುವುದಾದರೆ 100 ಗ್ರಾಂ ರೆಸಿನ್‌ಗೆ 83 ಗ್ರಾಂ ಹಾರ್ಡನರ್. ತಕ್ಕಡಿಯ ಮೇಲಿಟ್ಟು ಎರಡನ್ನೂ ಸಮ ತೂಕ ಹಾಕಿದರೆ ಹಾರ್ಡನರ್ ಐದನೇ ಒಂದು ಭಾಗ ಹೆಚ್ಚಾಗುತ್ತದೆ. ಆ ಅಂಟು ಗಟ್ಟಿಯಾದಂತೆ ಕಂಡರೂ ಒಳಗೆ ರಬ್ಬರಿನಂತೆ ಉಳಿದು, ತೇವಕ್ಕೆ ಮತ್ತಷ್ಟು ಮೆತ್ತಗಾಗುತ್ತದೆ. ಸಣ್ಣ ಪ್ರಮಾಣಕ್ಕೆ ಕಣ್ಣಳತೆ ಬೇಡವೇ ಬೇಡ. 0.1 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಇಟ್ಟುಕೊಂಡು 10 ಗ್ರಾಂ ರೆಸಿನ್‌ಗೆ 8.3 ಗ್ರಾಂ ಹಾಕಿ. ರಿಬ್ ಕೆಲಸಕ್ಕೆ ಒಂದು ಸಲಕ್ಕೆ ಅಷ್ಟು ಬೆರೆಸಿಕೊಂಡರೆ ಒಳ್ಳೆಯದು.

ಬೆರೆಸುವಾಗ ಬಟ್ಟಲಿನ ಅಂಚು, ತಳ, ಕಡ್ಡಿಯ ಮೈ ಎಲ್ಲ ಕೆರೆದು ಕೆರೆದು ಕನಿಷ್ಠ ಎರಡು ನಿಮಿಷ ತಿರುವಬೇಕು. ಆಮೇಲೆ ಇನ್ನೊಂದು ಬಟ್ಟಲಿಗೆ ಸುರಿದು ಮತ್ತೆ ತಿರುವಿ. ಮೊದಲ ಬಟ್ಟಲಿನ ಮೂಲೆಯಲ್ಲಿ ಬೆರೆಯದೆ ಉಳಿದ ರೆಸಿನ್ ಜಾಯಿಂಟಿಗೆ ಹೋಗುವುದು ಇದರಿಂದ ತಪ್ಪುತ್ತದೆ. 25 ಡಿಗ್ರಿಯಲ್ಲಿ 100 ಗ್ರಾಂ ಬೆರೆಸಿದರೆ ಕೈಯಲ್ಲಿ ಸುಮಾರು 45 ನಿಮಿಷ ಇರುತ್ತದೆ. ಉಷ್ಣ 10 ಡಿಗ್ರಿ ಏರಿದರೆ ಸಮಯ ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತದೆ. ಏಪ್ರಿಲ್ ತಿಂಗಳ ರಾಯಚೂರು, ಕಲಬುರಗಿಯಲ್ಲಿ ಕೆಲಸ ಮಾಡುವವರು ಬೆಳಗಿನ ಜಾವವನ್ನೇ ನೆಚ್ಚಿಕೊಳ್ಳಬೇಕು. ಬಟ್ಟಲಿನಲ್ಲಿ ಗುಡ್ಡೆಯಾಗಿ ಬಿಟ್ಟರೆ ತನ್ನ ಬಿಸಿಗೆ ತಾನೇ ಬೇಗ ಗಟ್ಟಿಯಾಗುತ್ತದೆ. ಅಗಲವಾದ ತಟ್ಟೆಗೆ ತೆಳ್ಳಗೆ ಹರಡಿಟ್ಟರೆ ಹೆಚ್ಚು ಹೊತ್ತು ಬಾಳುತ್ತದೆ. ಚಳಿಗಾಲದಲ್ಲಿ ರೆಸಿನ್ ಡಬ್ಬಿಯೊಳಗೆ ಸಕ್ಕರೆ ಹರಳಿನಂತೆ ಕಟ್ಟಿಕೊಂಡಿದ್ದರೆ ಎಸೆಯಬೇಡಿ. ಬಿಸಿನೀರಿನ ಪಾತ್ರೆಯಲ್ಲಿ ಡಬ್ಬಿ ಇಟ್ಟು, ತಿಳಿಯಾಗುವ ತನಕ ಬಿಟ್ಟು, ತಣಿದ ಮೇಲೆ ಬಳಸಿ.

ಮರ ಸಿದ್ಧ ಮಾಡುವುದಕ್ಕೆ ಅಂಟು ಹಚ್ಚುವುದಕ್ಕಿಂತ ಹೆಚ್ಚು ಹೊತ್ತು ಬೇಕು, ಕೊಡಲೂಬೇಕು. ಸ್ಪ್ರೂಸ್‌ನಂಥ ಮೆದು ಮರವನ್ನು ಹರಿತವಾದ ಕೀಸುಳಿಯಿಂದ ನಯ ಮಾಡಿದ ಕೂಡಲೇ ಅಂಟಿಸುವುದು ಉತ್ತಮ. ಸ್ಯಾಂಡ್ ಪೇಪರಿನಲ್ಲಿ ಉಜ್ಜಿದರೆ ಮರದ ರಂಧ್ರಗಳಲ್ಲಿ ಹೊಟ್ಟು ತುಂಬುತ್ತದೆ, ಅಂಚುಗಳೂ ದುಂಡಗಾಗುತ್ತವೆ. ಪ್ಲೈವುಡ್ಡಿನ ಕತೆ ಬೇರೆ. ಕಾರ್ಖಾನೆಯ ಬಿಸಿ ಪ್ರೆಸ್ಸಿನಲ್ಲಿ ಅದರ ಮೈ ಹೊಳಪುಗಟ್ಟಿರುತ್ತದೆ, ಅಂಟು ಒಳಗಿಳಿಯುವುದಿಲ್ಲ. ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಮುತ್ತಿನಂತೆ ನಿಂತರೆ ಅಂಟುವ ಜಾಗವನ್ನು ಹಗುರವಾಗಿ ಉಜ್ಜಿ ಧೂಳು ಒರೆಸಬೇಕು. ಹರಡಿಕೊಂಡು ಹೀರಿದರೆ ಸರಿ.

ಮರದ ತೇವ 8ರಿಂದ 12 ಶೇಕಡಾ ಇರಬೇಕು. ಟಿ-88 ತುಸು ತೇವದ ಮರಕ್ಕೂ ಅಂಟುತ್ತದೆ ಎಂಬುದು ನಿಜ, ಆದರೆ ಅದನ್ನು ನಂಬಿ ಒದ್ದೆ ಮರ ಬಳಸಿದರೆ ಮುಂದೆ ಮರವೇ ಕುಗ್ಗಿ ಜಾಯಿಂಟನ್ನು ಎಳೆಯುತ್ತದೆ. ಗಾಳಿಯ ತೇವ 85 ಶೇಕಡಾ ಇರುವ ಮಂಗಳೂರು, ಕಾರವಾರದ ಮಳೆಗಾಲದಲ್ಲಿ ತೆರೆದಿಟ್ಟ ಮರ 17-18 ಶೇಕಡಾಕ್ಕೆ ಏರಿ ಕೂರುತ್ತದೆ. ಗಾಳಿಯ ತೇವವನ್ನು 45-65ರ ನಡುವೆ ಹಿಡಿದಿಡುವ ಕೋಣೆ ಇಲ್ಲದೆ ಕರಾವಳಿಯಲ್ಲಿ ಈ ಕೆಲಸಕ್ಕೆ ಕೈ ಹಾಕಬಾರದು.

ಎರಡೂ ಮೈಗೆ ಅಂಟು ಹಚ್ಚಿ. ಮರದ ಅಡ್ಡ ಕೊಯ್ದ ತುದಿ ಅಂಟನ್ನು ಕುಡಿದುಬಿಡುತ್ತದೆ, ಅಲ್ಲಿಗೆ ಒಂದು ಸಲ ಹಚ್ಚಿ ಹತ್ತು ನಿಮಿಷ ಬಿಟ್ಟು ಇನ್ನೊಂದು ಸಲ ಹಚ್ಚಬೇಕು. ಓರೆ ಜಾಯಿಂಟಿನ ಮೈಯಲ್ಲೂ ಕೊಯ್ದ ಎಳೆಗಳು ತೆರೆದಿರುತ್ತವೆ, ಅಲ್ಲಿಗೂ ಇದೇ ಕ್ರಮ. ಕ್ಲ್ಯಾಂಪ್ ಬಿಗಿಯುವಾಗ ಅಂಚಿನುದ್ದಕ್ಕೂ ಅಂಟು ಸಣ್ಣ ಎಳೆಯಾಗಿ ಹೊರಗೆ ಬಂದರೆ ನಿಲ್ಲಿಸಿ. ರಿಸಾರ್ಸಿನಾಲ್ ಅಭ್ಯಾಸವಿದ್ದವರು ಜೋರಾಗಿ ಬಿಗಿದು ಅಂಟನ್ನೆಲ್ಲ ಹಿಂಡಿ ಹೊರಹಾಕುವುದುಂಟು. ಎಪಾಕ್ಸಿಗೆ ಅದೇ ಹಾನಿ, ಒಳಗೆ ಬಡಕಲು ಜಾಯಿಂಟ್ ಉಳಿಯುತ್ತದೆ. ಎಳೆ ಎಲ್ಲಿ ತುಂಡಾಗಿದೆಯೋ ಅಲ್ಲಿ ಅಂಟು ಸಾಲದು ಎಂದರ್ಥ, ಬಿಚ್ಚಿ ಮತ್ತೆ ಹಚ್ಚಿ. ರಿಬ್ ಜಿಗ್ (ಕಡ್ಡಿಗಳನ್ನು ಆಕಾರಕ್ಕೆ ಹಿಡಿದಿಡುವ ಹಲಗೆ) ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿರದಿದ್ದರೆ ರಿಬ್ಬು ಹಲಗೆಗೇ ಅಂಟಿಕೊಳ್ಳುತ್ತದೆ. 25 ಡಿಗ್ರಿಯಲ್ಲಿ ಒಂದು ದಿನ ಕ್ಲ್ಯಾಂಪ್ ಬಿಡಿ. ಪೂರ್ತಿ ಬಲ ಬರಲು ಮೂರು ದಿನ, ಚಳಿಯಿದ್ದರೆ ಒಂದು ವಾರ.

ಪ್ರತಿ ಸಲ ಬೆರೆಸಿದಾಗಲೂ ಅದೇ ಅಂಟಿನಿಂದ ಅದೇ ಮರದ ಎರಡು ಚೂರುಗಳನ್ನು ಒಂದಿಂಚು ಮೇಲೊಂದು ಕೂರಿಸಿ ಅಂಟಿಸಿ, ತಾರೀಖು ಮತ್ತು ಯಾವ ಭಾಗಕ್ಕೆ ಬಳಸಿದ್ದು ಎಂದು ಬರೆದಿಡಿ. ಮೂರು ದಿನ ಕಳೆದ ಮೇಲೆ ಉಳಿ ಇಟ್ಟು ಸೀಳಿ. ಮರ ಸೀಳಿ, ಎರಡೂ ಮೈಯಲ್ಲಿ ನಾರು ಅಂಟಿಕೊಂಡು ಬಂದಿದ್ದರೆ ಆ ಸರದಿಯ ಜಾಯಿಂಟ್‌ಗಳನ್ನು ನಂಬಬಹುದು. ಅಂಟು ಹೊಳೆಯುತ್ತಾ ನಯವಾಗಿ ಬಿಟ್ಟುಕೊಂಡಿದ್ದರೆ ಆ ಸರದಿಯಲ್ಲಿ ಮಾಡಿದ ಭಾಗವನ್ನು ಮುಲಾಜಿಲ್ಲದೆ ಕಿತ್ತು ಹೊಸದು ಮಾಡಬೇಕು. ಈ ಪರೀಕ್ಷೆಯನ್ನು ಬಿಟ್ಟು ಉಳಿದದ್ದೆಲ್ಲ ಊಹೆ. ಅಂಟಿದ ಜಾಯಿಂಟಿಗೆ ಹಾನಿ ಮಾಡದೆ ಅದರ ಬಲ ಅಳೆಯುವ ಸಾಧನ ಗ್ಯಾರೇಜಿನಲ್ಲಿ ಇರುವುದಿಲ್ಲ.

ಇನ್ನು ಇದರ ನಿಜವಾದ ದೌರ್ಬಲ್ಯ, ಶಾಖ. ಕೋಣೆಯ ಉಷ್ಣದಲ್ಲಿ ಗಟ್ಟಿಯಾಗುವ ಇಂಥ ಎಪಾಕ್ಸಿಗಳು 50-60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬಿಗಿ ಕಳೆದುಕೊಳ್ಳತೊಡಗುತ್ತವೆ. ತಣ್ಣಗಾದರೆ ಬಲ ಮರಳುತ್ತದೆ. ಆದರೆ ಬಿಸಿಯಲ್ಲಿದ್ದಾಗ ಹೊರೆ ಬಿದ್ದರೆ ಜಾಯಿಂಟ್ ಜರುಗಬಹುದು. ಮಧ್ಯಾಹ್ನದ ಬಿಸಿಲಲ್ಲಿ ನಿಂತ ಕಡುಬಣ್ಣದ ರೆಕ್ಕೆಯ ಮೈ 80 ಡಿಗ್ರಿ ದಾಟುವುದುಂಟು. ಬಿಳಿ ರೆಕ್ಕೆ ಅದಕ್ಕಿಂತ ಎಷ್ಟೋ ತಂಪು. ಅಮೆರಿಕದ ವಿನ್ಯಾಸಕಾರ ಬರ್ಟ್ ರುಟಾನ್ ರೂಪಿಸಿದ, ಗಾಜಿನ ನಾರು ಮತ್ತು ಎಪಾಕ್ಸಿಯಿಂದ ಕಟ್ಟುವ ವಿಮಾನಗಳು ಎಲ್ಲಿ ನೋಡಿದರೂ ಬೆಳ್ಳಗೇ ಇರುವುದಕ್ಕೆ ಇದೇ ಕಾರಣ. ಬಟ್ಟೆ ಹೊದಿಸಿದ ಪೀಟನ್‌ಪೋಲ್‌ನಲ್ಲಿ ಮರ ನೆರಳಿನಲ್ಲಿರುವುದರಿಂದ ಸ್ವಲ್ಪ ವಾಸಿ. ಪ್ಲೈವುಡ್ಡನ್ನೇ ಹೊದಿಸಿದ ರೆಕ್ಕೆಗೆ ಬಿಳಿ ಬಿಟ್ಟು ಬೇರೆ ಯೋಚನೆ ಬೇಡ. ಎಂಜಿನ್ ಹಿಂದಿನ ಗೋಡೆಯ ಬಳಿ, ಎಕ್ಸಾಸ್ಟ್ ಕೊಳವೆ ಹಾಯುವ ಕಡೆ ಮರಕ್ಕೆ ತಗಡಿನ ಮರೆ ಮತ್ತು ಗಾಳಿಯಾಡುವ ಸಂದು ಕೊಡಿ.

ಇದರ ಬದಲಿಗೆ ಏನೇನನ್ನು ಬಳಸಬಾರದು ಎಂಬುದನ್ನೂ ಹೇಳಲೇಬೇಕು. ಮನೆ ಪೀಠೋಪಕರಣಕ್ಕೆ ಬಳಸುವ ಬಿಳಿ ಅಂಟು ಸದಾ ಹೊರೆಯಿದ್ದರೆ ನಿಧಾನವಾಗಿ ಜಾರುತ್ತದೆ, ನೀರಿಗೂ ಬಿಸಿಗೂ ಮೆದುವಾಗುತ್ತದೆ. ಐದು ನಿಮಿಷಕ್ಕೆ ಗಟ್ಟಿಯಾಗುವ ಎಪಾಕ್ಸಿ ತೇವ ತಡೆಯುವುದಿಲ್ಲ. ನೊರೆಯಾಗಿ ಉಬ್ಬುವ ಪಾಲಿಯುರೆಥೇನ್ ಅಂಟು ಸಂದು ತುಂಬಿದಂತೆ ಕಾಣುತ್ತದೆ, ನೊರೆಗೆ ಬಲವಿಲ್ಲ. ಪುಡಿಯಾಗಿ ಬರುವ ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟು ಸೆಕೆ-ತೇವದಲ್ಲಿ ಬೇಗ ಹಾಳಾಗುತ್ತದೆ ಎಂದು ಎಫ್‌ಎಎ ಕೈಪಿಡಿ ಅದನ್ನು ದುರಸ್ತಿಗೆ ಬಳಸಬೇಡಿ ಎನ್ನುತ್ತದೆ. ಹಾಗೆಯೇ ನಮ್ಮಲ್ಲಿ ಸಿಗುವ ಐಎಸ್ 710 ಎಂಬ ಭಾರತೀಯ ಮಾನಕದ ಮರೈನ್ ಪ್ಲೈವುಡ್ ದೋಣಿಗೆ ಒಳ್ಳೆಯದು. ವಿಮಾನದ 1.5 ಮಿಲಿಮೀಟರ್ ಬರ್ಚ್ ಪ್ಲೈಗೆ ಅದು ಬದಲಿಯಲ್ಲ, ತೂಕವೇ ಕೆಡಿಸುತ್ತದೆ.

ಚರ್ಮದ ವಿಷಯದಲ್ಲಿ ಉದಾಸೀನ ಬೇಡ. ಹಾರ್ಡನರ್ ಪದೇಪದೇ ಕೈಗೆ ತಾಗಿದರೆ ಅಲರ್ಜಿ ಹುಟ್ಟಿಕೊಳ್ಳುತ್ತದೆ, ಒಮ್ಮೆ ಹುಟ್ಟಿದರೆ ಆಮೇಲೆ ಎಪಾಕ್ಸಿ ಹತ್ತಿರ ಹೋಗುವುದೇ ಕಷ್ಟ. ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ. ಉಪಕರಣಕ್ಕೆ ಮೆತ್ತಿದ ಹಸಿ ಅಂಟನ್ನು ಬಿಳಿ ವಿನಿಗರ್ ಚೆನ್ನಾಗಿ ತೆಗೆಯುತ್ತದೆ. ಕೈಗೆ ತಾಗಿದರೆ ಸೋಪು ನೀರು ಸಾಕು, ಥಿನ್ನರ್ ಹಾಕಿ ಒರೆಸಿದರೆ ಚರ್ಮದೊಳಗೆ ಇಳಿಯುತ್ತದೆ. ತೇವದ ಹವೆಯಲ್ಲಿ ಗಟ್ಟಿಯಾದ ಅಂಟಿನ ಮೇಲೆ ಜಿಡ್ಡು ಪದರ ಕಾಣಿಸಿದರೆ ಮೇಲೆ ಇನ್ನೊಂದು ಭಾಗ ಅಂಟಿಸುವ ಮೊದಲು, ವಾರ್ನಿಷ್ ಬಳಿಯುವ ಮೊದಲು ನೀರಿನಲ್ಲಿ ತೊಳೆದು ಒಣಗಿಸಿ ಉಜ್ಜಬೇಕು. ವಾರ್ನಿಷ್ ಮಾತು ಬಂದಿದ್ದರಿಂದ ಇನ್ನೊಂದು: ಮುಚ್ಚಿ ಹೋಗುವ ಭಾಗಗಳ ಒಳಮೈಗೆ ಎರಡು ಭಾಗದ ಎಪಾಕ್ಸಿ ವಾರ್ನಿಷ್ ಮುಚ್ಚುವ ಮೊದಲೇ ಆಗಬೇಕು, ಅಂಟುವ ಜಾಗಕ್ಕೆ ಮಾತ್ರ ಟೇಪ್ ಹಚ್ಚಿ ಬಿಟ್ಟುಕೊಳ್ಳಬೇಕು. ವಾರ್ನಿಷ್ ಮೇಲೆ ಹಚ್ಚಿದ ಅಂಟು ಹಿಡಿಯುವುದು ವಾರ್ನಿಷನ್ನೇ ಹೊರತು ಮರವನ್ನಲ್ಲ.

ಹಾರಾಟ ಶುರುವಾದ ಮೇಲೆ ವರ್ಷಕ್ಕೊಮ್ಮೆ ತಪಾಸಣೆ ಮಾಡುವಾಗ ಅಂಟಿನ ಗೆರೆಗಳನ್ನು ಟಾರ್ಚ್ ಹಿಡಿದು ನೋಡಿ. ಗೆರೆಯುದ್ದಕ್ಕೂ ಕಪ್ಪು ಕಲೆ ಕಂಡರೆ ನೀರು ಇಳಿದಿದೆ ಎಂದರ್ಥ. ಅನುಮಾನ ಬಂದ ಕಡೆ ಅತಿ ತೆಳು ಫೀಲರ್ ಗೇಜ್ (ಸಂದು ಅಳೆಯುವ ಲೋಹದ ಪಟ್ಟಿ) ಇಟ್ಟು ನೋಡಿ, ಒಳಗೆ ಹೋದರೆ ಜಾಯಿಂಟ್ ಬಿಟ್ಟಿದೆ. ಪ್ಲೈವುಡ್ ಮೇಲೆ ನಾಣ್ಯದಿಂದ ತಟ್ಟುತ್ತಾ ಹೋದರೆ ಬಿಟ್ಟುಕೊಂಡ ಕಡೆ ಸದ್ದು ಮಂಕಾಗುತ್ತದೆ. ರೆಕ್ಕೆಯ ತಗ್ಗಿನ ತುದಿಯಲ್ಲಿರುವ ನೀರು ಹೋಗುವ ತೂತುಗಳು ಕಟ್ಟಿಕೊಂಡಿರಬಾರದು, ಮರದ ತೇವ 20 ಶೇಕಡಾ ದಾಟಿದರೆ ಕೊಳೆತ ಶುರುವಾಗುತ್ತದೆ. ಒಣ ಹವೆಯ ತಿಂಗಳುಗಳಲ್ಲಿ ಮರ ಕುಗ್ಗಿ ಬೋಲ್ಟ್‌ಗಳು ಸಡಿಲಾಗುವುದರಿಂದ ಆಗೊಮ್ಮೆ ಅವನ್ನು ಬಿಗಿಯಬೇಕು, ಆದರೆ ವಾಷರ್ ಮರದೊಳಗೆ ಇಳಿಯುವಷ್ಟಲ್ಲ.

ಕೊಳ್ಳುವಾಗ ಇಡೀ ವಿಮಾನಕ್ಕೆ ಬೇಕಾದಷ್ಟನ್ನು ಒಮ್ಮೆಲೇ ತರಿಸಿಡಬೇಡಿ. ಕಟ್ಟುವ ಕೆಲಸ ವರ್ಷಗಟ್ಟಲೆ ಎಳೆಯುತ್ತದೆ, ಅಷ್ಟರಲ್ಲಿ ತೆರೆದ ಡಬ್ಬಿ ಹಳತಾಗುತ್ತದೆ. ಮೊದಲು ಸಣ್ಣ ಕಿಟ್ ತೆಗೆದುಕೊಂಡು ರಿಬ್‌ಗಳನ್ನು ಮುಗಿಸಿ, ಸ್ಪಾರ್ ಮತ್ತು ಒಡಲಿಗೆ ಹೊಸ ಡಬ್ಬಿ ತೆರೆಯಿರಿ, ಡಬ್ಬಿಯ ಬ್ಯಾಚ್ ಸಂಖ್ಯೆಯನ್ನು ಕಟ್ಟುವ ದಾಖಲೆಯಲ್ಲಿ ಆಯಾ ಭಾಗದ ಹೆಸರಿನ ಎದುರು ಬರೆದುಕೊಳ್ಳಿ.