ಸ್ನೂಪ್: ಒಂದೇ ಒಂದು ಕಾಲಂಗಾಗಿ ಇಟ್ಟುಕೊಂಡಿರುವ ಟೂಲ್

ಡಬ್ಲ್ಯುಪಿಎಫ್‌ನಲ್ಲಿ, ಅಂದರೆ ವಿಂಡೋಸ್ ಡೆಸ್ಕ್‌ಟಾಪ್ ಅಪ್ಲಿಕೇಶನ್ನುಗಳ ಪರದೆ ಕಟ್ಟುವ ಮೈಕ್ರೋಸಾಫ್ಟ್ ಫ್ರೇಮ್‌ವರ್ಕ್‌ನಲ್ಲಿ, ಕೆಲಸ ಮಾಡುವವರು ಸ್ನೂಪ್ ಹೆಸರು ಕೇಳಿಯೇ ಇರುತ್ತಾರೆ, ಹಾಗಾಗಿ ಫೀಚರುಗಳ ಪಟ್ಟಿ ಕೊಡಲು ಹೋಗುವುದಿಲ್ಲ. ಕೇಳದವರಿಗೆ ಎರಡು ಮಾತು: ಓಡುತ್ತಿರುವ ಅಪ್ಲಿಕೇಶನ್ ಒಳಗೆ ಹೊಕ್ಕು, ಪರದೆ ಮೇಲಿನ ಪ್ರತಿಯೊಂದು ಬಟನ್, ಪ್ರತಿಯೊಂದು ಟೆಕ್ಸ್ಟ್‌ಬಾಕ್ಸ್ ಯಾವ ಡೇಟಾಗೆ ಬೈಂಡ್ ಆಗಿದೆ (ಅಂದರೆ ಯಾವ ಡೇಟಾಗೆ ಕಟ್ಟಿಕೊಂಡಿದೆ), ಈ ಗಳಿಗೆಯಲ್ಲಿ ಅದರ ವ್ಯಾಲ್ಯೂ ಏನು ಎಂದು ತೋರಿಸುವ ಉಚಿತ ಟೂಲ್ ಇದು. ಪೀಟ್ ಬ್ಲೋಯಿಸ್ ಶುರು ಮಾಡಿದ್ದು, ಕೋರಿ ಪ್ಲಾಟ್ಸ್ ಬಹಳ ಕಾಲ ನೋಡಿಕೊಂಡದ್ದು, ಈಗ ಬಾಸ್ಟಿಯನ್ ಷ್ಮಿಟ್ ನಡೆಸುತ್ತಿರುವುದು. ಗಿಟ್‌ಹಬ್‌ನಲ್ಲಿ ಸಿಗುತ್ತದೆ.

ನಾವು ಶಿವಮೊಗ್ಗದಲ್ಲಿ ಮೂರು ಜನ ಸೇರಿ ಅಡಿಕೆ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಈ ಕಾಲದಲ್ಲೂ ಡೆಸ್ಕ್‌ಟಾಪ್ ಅಪ್ಲಿಕೇಶನ್ ಯಾಕೆ ಎಂದು ಕೇಳುವವರು ಒಮ್ಮೆ ಮಂಡಿಗೆ ಬಂದು ನೋಡಬೇಕು. ಚೀಲ ತೂಗುವ ಹೊತ್ತಿಗೆ ಇಂಟರ್ನೆಟ್ ಇರುವುದಿಲ್ಲ, ಗುಮಾಸ್ತರು ಮೌಸ್ ಮುಟ್ಟುವುದಿಲ್ಲ, ಬಿಲ್ಲು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲೇ ಬರಬೇಕು. 2006ರಲ್ಲಿ ಡಾಟ್‌ನೆಟ್ 3.0 ಜೊತೆ ಬಂದ ಡಬ್ಲ್ಯುಪಿಎಫ್ ನಮಗೆ ಇವತ್ತಿಗೂ ಅನ್ನ ಹಾಕುತ್ತಿದೆ. 2018ರಲ್ಲಿ ಓಪನ್ ಸೋರ್ಸ್ ಆದಮೇಲಂತೂ ಬಿಡುವ ಯೋಚನೆಯೇ ಬಂದಿಲ್ಲ.

ಆದರೆ ಡಬ್ಲ್ಯುಪಿಎಫ್‌ಗೆ ಒಂದು ಕೆಟ್ಟ ಗುಣ ಇದೆ. ಬೈಂಡಿಂಗ್ ತಪ್ಪಿದರೆ ಬಾಯಿ ಬಿಡುವುದಿಲ್ಲ. ಪ್ರಾಪರ್ಟಿ ಹೆಸರಲ್ಲಿ ಒಂದಕ್ಷರ ಆಚೀಚೆ ಆಗಿದ್ದರೂ ಅಪ್ಲಿಕೇಶನ್ ಸುಮ್ಮನೆ ಓಡುತ್ತದೆ, ಆ ಜಾಗ ಮಾತ್ರ ಖಾಲಿ. ಕ್ರ್ಯಾಶ್ ಆಗುವುದಿಲ್ಲ, ಮೆಸೇಜ್ ಬಾಕ್ಸ್ ಬರುವುದಿಲ್ಲ. ನಾವು ಕೋಡ್ ಬರೆಯುವ ವಿಷುಯಲ್ ಸ್ಟುಡಿಯೋದ ಔಟ್‌ಪುಟ್ ವಿಂಡೋದಲ್ಲಿ, ನೂರಾರು ಬೇರೆ ಸಾಲುಗಳ ನಡುವೆ, 'ಎರರ್ 40' (ಆ ಹೆಸರಿನ ಪ್ರಾಪರ್ಟಿ ಸಿಗಲಿಲ್ಲ) ಎಂದು ಒಂದು ಸಾಲು ಹಾದುಹೋಗುತ್ತದೆ. ಡಿಬಗರ್ (ಕೋಡಿನ ತಪ್ಪು ಹುಡುಕುವ ಟೂಲ್) ಹಾಕದೆ ಓಡಿಸುತ್ತಿದ್ದರೆ ಅದೂ ಕಾಣುವುದಿಲ್ಲ. ಗಿರಾಕಿಯ ಅಂಗಡಿಯಲ್ಲಿ ಡಿಬಗರ್ ಎಲ್ಲಿಂದ ಬರಬೇಕು?

ಸ್ನೂಪ್ ಕೈಗೆ ಬಂದದ್ದು ಇಂಥ ಕಡೆ. ಪೂರ್ತಿ ಟೂಲ್ ಒಂದು ಜಿಪ್ ಫೈಲಿನೊಳಗಿದೆ, ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಓಡಾಡಬಹುದು. ಸೋರ್ಸ್ ಕೋಡ್ ಬೇಡ, ಗಿರಾಕಿಗೆ ಕೊಟ್ಟ ರಿಲೀಸ್ ಬಿಲ್ಡ್ ಆದರೂ ಸರಿ. ನಮ್ಮ ಅಪ್ಲಿಕೇಶನ್ ಅಡ್ಮಿನ್ ಆಗಿ ಓಡುತ್ತಿದ್ದರೆ ಇದನ್ನೂ ಅಡ್ಮಿನ್ ಆಗಿ ತೆರೆಯಬೇಕು, ಅಷ್ಟು ನೆನಪಿದ್ದರೆ ಸಾಕು.

ಬಳಸುವ ಕ್ರಮ ನನಗೆ ಈಗ ಬೆರಳಿಗೇ ಅಂಟಿಬಿಟ್ಟಿದೆ. ಮೊದಲು ನಮ್ಮ ಅಪ್ಲಿಕೇಶನ್ ತೆರೆದು, ತೊಂದರೆ ಕೊಡುತ್ತಿರುವ ಪರದೆಗೆ ಹೋಗಿ ನಿಲ್ಲಿಸುತ್ತೇನೆ. ಆಮೇಲೆ ಸ್ನೂಪ್‌ನ ಸಣ್ಣ ಪಟ್ಟಿ. ಅದರಲ್ಲಿರುವ ಗುರಿಚಿಹ್ನೆಯನ್ನು ಮೌಸಿನಿಂದ ಹಿಡಿದು ಎಳೆದು ನಮ್ಮ ಕಿಟಕಿಯ ಮೇಲೆ ಬಿಟ್ಟರೆ ಒಂದು ಕ್ಷಣ ಎಲ್ಲ ಸ್ತಬ್ಧ, ನಂತರ ಸ್ನೂಪ್‌ನ ದೊಡ್ಡ ಕಿಟಕಿ ಬರುತ್ತದೆ. ಇನ್ನು ಕಂಟ್ರೋಲ್ ಮತ್ತು ಶಿಫ್ಟ್ ಎರಡನ್ನೂ ಒತ್ತಿ ಹಿಡಿದು ಮೌಸನ್ನು ಬೇಕಾದ ಟೆಕ್ಸ್ಟ್‌ಬಾಕ್ಸ್ ಮೇಲೆ ತಂದರೆ ಸಾಕು, ಅದರ ಸುತ್ತ ಕೆಂಪು ಚೌಕ ಮೂಡುತ್ತದೆ, ಎಡಗಡೆ ಪರದೆಯ ಭಾಗಗಳ ಟ್ರೀ ತಾನಾಗೇ ತೆರೆದುಕೊಂಡು ಸರಿಯಾದ ಕೊಂಬೆಯಲ್ಲಿ ನಿಲ್ಲುತ್ತದೆ. ಬಲಗಡೆ ಅದರ ಅಷ್ಟೂ ಪ್ರಾಪರ್ಟಿ. ನಾನು ಮೊದಲು ನೋಡುವುದು ಡೇಟಾ ಕಾಂಟೆಕ್ಸ್ಟ್ ಟ್ಯಾಬ್, ಆ ಟೆಕ್ಸ್ಟ್‌ಬಾಕ್ಸ್ ಯಾವ ಆಬ್ಜೆಕ್ಟ್‌ನಿಂದ ಡೇಟಾ ತೆಗೆದುಕೊಳ್ಳುತ್ತಿದೆ ಎಂದು ತೋರಿಸುವ ಜಾಗ. ಅರ್ಧಕ್ಕರ್ಧ ತೊಂದರೆ ಅಲ್ಲೇ ಮುಗಿಯುತ್ತದೆ, ಯಾಕೆಂದರೆ ಬಿಲ್ಲಿನ ಆಬ್ಜೆಕ್ಟ್ ಇರಬೇಕಾದ ಕಡೆ ಬೇರೇನೋ ಕೂತಿರುತ್ತದೆ, ಇಲ್ಲವೇ ಏನೂ ಇರುವುದಿಲ್ಲ. ತಪ್ಪಿದ ಬೈಂಡಿಂಗ್ ಇರುವ ಸಾಲಿಗೆ ಕೆಂಪು ಬಣ್ಣ ಬಂದಿರುತ್ತದೆ. ಬೈಂಡಿಂಗ್ ಎರರ್ ಇರುವ ಕಂಟ್ರೋಲುಗಳನ್ನು (ಬಟನ್, ಟೆಕ್ಸ್ಟ್‌ಬಾಕ್ಸ್ ಮುಂತಾದವು) ಮಾತ್ರ ತೋರಿಸು ಎಂದು ಟ್ರೀಗೆ ಫಿಲ್ಟರ್ ಹಾಕಲೂ ಬರುತ್ತದೆ.

ಎರರ್ ಇಲ್ಲದೆಯೂ ಪರದೆ ಸುಳ್ಳು ಹೇಳುತ್ತದೆ. ದರ ಬದಲಾಯಿಸಿದರೂ ಪರದೆಯಲ್ಲಿ ಹಳೆಯ ದರವೇ ಕಾಣುತ್ತಿದೆ ಎನ್ನಿ. ಡೇಟಾ ಕಾಂಟೆಕ್ಸ್ಟ್‌ನಲ್ಲಿ ಹೊಸ ದರ, ಟೆಕ್ಸ್ಟ್ ಪ್ರಾಪರ್ಟಿಯಲ್ಲಿ ಹಳೆಯದು. ಎರಡೂ ಟ್ಯಾಬ್ ನೋಡಿದ ಕೂಡಲೇ ಉತ್ತರ ಸಿಕ್ಕಂತೆ: ದರ ಇಟ್ಟುಕೊಂಡಿರುವ ಕ್ಲಾಸ್ ತಾನು ಬದಲಾದದ್ದನ್ನು ಯಾರಿಗೂ ತಿಳಿಸಿಲ್ಲ, ಪ್ರಾಪರ್ಟಿ ಚೇಂಜ್ಡ್ ಇವೆಂಟ್ ಹೊರಟಿಲ್ಲ. ಸ್ನೂಪ್ ಇದನ್ನು ತಪ್ಪು ಎಂದು ಗುರುತಿಸುವುದಿಲ್ಲ, ಎರಡೂ ಕಡೆಯ ಸಂಖ್ಯೆ ತೋರಿಸುತ್ತದೆ ಅಷ್ಟೆ. ಹೋಲಿಸುವುದು ನಮ್ಮ ಕೆಲಸ.

ಈಗ ಆ ಕಾಲಂ ವಿಷಯ. ಪ್ರಾಪರ್ಟಿಗಳ ಪಟ್ಟಿಯಲ್ಲಿ ಹೆಸರು, ವ್ಯಾಲ್ಯೂ ಆದಮೇಲೆ 'ವ್ಯಾಲ್ಯೂ ಸೋರ್ಸ್' ಎಂದು ಇದೆ. ಈ ವ್ಯಾಲ್ಯೂ ಎಲ್ಲಿಂದ ಬಂತು ಎಂಬುದಕ್ಕೆ ಅಲ್ಲಿ ಒಂದೇ ಪದದ ಉತ್ತರ: ಡಿಫಾಲ್ಟ್, ಇನ್‌ಹೆರಿಟೆಡ್, ಸ್ಟೈಲ್, ಸ್ಟೈಲ್ ಟ್ರಿಗರ್, ಲೋಕಲ್, ಹೀಗೆ. ಮೊದಮೊದಲು ಯಾರೂ ಅದರ ಕಡೆ ನೋಡುವುದಿಲ್ಲ. ನಮ್ಮಲ್ಲಿ ಬಾಕಿ ಪಾವತಿಯ ಗಡುವು ದಾಟಿದ ಬಿಲ್ಲಿನ ಹಿನ್ನೆಲೆ ಕೆಂಪಾಗಬೇಕಿತ್ತು. ಡೇಟಾ ನೋಡಿ ಬಣ್ಣ ಬದಲಿಸುವ ಡೇಟಾ ಟ್ರಿಗರ್ ಬರೆದದ್ದು ಸರಿ, ಬೈಂಡಿಂಗ್ ಸರಿ, ಔಟ್‌ಪುಟ್ ವಿಂಡೋದಲ್ಲಿ ಒಂದು ಎರರ್ ಇಲ್ಲ, ಬಣ್ಣ ಮಾತ್ರ ಬಿಳಿ. ಸ್ನೂಪ್‌ನಲ್ಲಿ ಬ್ಯಾಕ್‌ಗ್ರೌಂಡ್ ಸಾಲಿನೆದುರು 'ಲೋಕಲ್' ಎಂದಿತ್ತು. ಅಲ್ಲಿಗೆ ಮುಗಿಯಿತು. ಎಲಿಮೆಂಟ್ ಮೇಲೇ ನೇರವಾಗಿ ಬಿಳಿ ಬಣ್ಣ ಬರೆದಿದ್ದರೆ ಸ್ಟೈಲ್ ಒಳಗಿನ ಟ್ರಿಗರ್ ಎಷ್ಟು ಕೂಗಿದರೂ ಪ್ರಯೋಜನವಿಲ್ಲ. ಲೋಕಲ್ ವ್ಯಾಲ್ಯೂ ಮುಂದೆ ಸ್ಟೈಲ್ ಟ್ರಿಗರ್ ಸೋಲಬೇಕು, ಸ್ಟೈಲ್ ಟ್ರಿಗರ್ ಮುಂದೆ ಸ್ಟೈಲ್‌ನಲ್ಲಿ ಮಾಮೂಲು ವ್ಯಾಲ್ಯೂ ಕೊಡುವ ಸೆಟ್ಟರ್ ಸೋಲಬೇಕು, ಅದು ಡಬ್ಲ್ಯುಪಿಎಫ್‌ನ ನಿಯಮ. ಬಿಳಿ ಬಣ್ಣವನ್ನು ಸ್ಟೈಲ್‌ನ ಸೆಟ್ಟರ್ ಒಳಗೆ ಸರಿಸಿದ ಕೂಡಲೇ ಕೆಂಪು ಬಂತು.

ಇದೇ ಕಾಲಂ ಇನ್ನೊಂದು ದೊಡ್ಡ ತಲೆನೋವನ್ನೂ ಬಿಡಿಸಿತು. ಮೊತ್ತ 4,75,000 ಎಂದು ಕಾಣಬೇಕಾದ ಕಡೆ 475,000 ಎಂದು ಬರುತ್ತಿತ್ತು, ತಾರೀಖಿನಲ್ಲಿ ತಿಂಗಳು ಮುಂದೆ, ದಿನ ಹಿಂದೆ. 'ಏನಪ್ಪಾ, ಲಕ್ಷಕ್ಕೆ ಎಲ್ಲಿ ಕಾಮಾ ಹಾಕಬೇಕು ಅಂತ ನಿಮ್ಮ ಕಂಪ್ಯೂಟರಿಗೆ ಗೊತ್ತಿಲ್ವಾ' ಎಂದು ಮಂಡಿ ಯಜಮಾನರು ಕೇಳಿದ್ದರು. ವಿಂಡೋಸ್ ಸೆಟ್ಟಿಂಗ್‌ನಲ್ಲಿ ಭಾರತ ಎಂದೇ ಇತ್ತು. ಸ್ನೂಪ್‌ನಲ್ಲಿ ಲ್ಯಾಂಗ್ವೇಜ್ ಪ್ರಾಪರ್ಟಿ ನೋಡಿದರೆ ಅಮೆರಿಕದ ಇಂಗ್ಲಿಷ್, ಸೋರ್ಸ್ 'ಡಿಫಾಲ್ಟ್'. ಬೈಂಡಿಂಗ್‌ನಲ್ಲಿ ಸ್ಟ್ರಿಂಗ್ ಫಾರ್ಮ್ಯಾಟ್ (ಸಂಖ್ಯೆ, ತಾರೀಖು ಹೇಗೆ ಕಾಣಬೇಕು ಎಂಬ ಸೂಚನೆ) ಹಾಕಿದಾಗ ಡಬ್ಲ್ಯುಪಿಎಫ್ ಕಂಪ್ಯೂಟರಿನ ಸೆಟ್ಟಿಂಗ್ ಕೇಳುವುದೇ ಇಲ್ಲ, ಈ ಲ್ಯಾಂಗ್ವೇಜ್ ಪ್ರಾಪರ್ಟಿಯನ್ನೇ ನಂಬುತ್ತದೆ. ಅಪ್ಲಿಕೇಶನ್ ಶುರುವಾಗುವಾಗ ಫ್ರೇಮ್‌ವರ್ಕ್ ಎಲಿಮೆಂಟ್‌ನ ಲ್ಯಾಂಗ್ವೇಜ್ ಮೆಟಾಡೇಟಾ ಓವರ್‌ರೈಡ್ ಮಾಡಿ ಕರೆಂಟ್ ಕಲ್ಚರ್ (ವಿಂಡೋಸ್‌ನಲ್ಲಿರುವ ಪ್ರದೇಶದ ಸೆಟ್ಟಿಂಗ್) ಕೊಟ್ಟರೆ ಎಲ್ಲ ಪರದೆಯೂ ಸರಿಹೋಗುತ್ತದೆ. ಸಂಖ್ಯೆಯನ್ನು ಲೇಬಲ್‌ನಲ್ಲಿ ತೋರಿಸುವವರು ಇನ್ನೊಂದು ಗಮನಿಸಿ: ಅಲ್ಲಿ ಬೈಂಡಿಂಗ್‌ನ ಸ್ಟ್ರಿಂಗ್ ಫಾರ್ಮ್ಯಾಟ್ ಕೆಲಸ ಮಾಡುವುದಿಲ್ಲ, ಕಂಟೆಂಟ್ ಸ್ಟ್ರಿಂಗ್ ಫಾರ್ಮ್ಯಾಟ್ ಬೇರೆಯೇ ಇದೆ.

ತೂಕ ಬರೆಯುವ ಬಾಕ್ಸಿನ ಕಥೆ ಇನ್ನೂ ಸ್ವಾರಸ್ಯದ್ದು. ಒಂದೊಂದು ಅಕ್ಷರ ಒತ್ತಿದಾಗಲೂ ಒಟ್ಟು ಮೊತ್ತ ಬದಲಾಗಲಿ ಎಂದು ಬಾಕ್ಸಿನಲ್ಲಿ ಬರೆದದ್ದು ಯಾವಾಗ ಡೇಟಾಗೆ ಹೋಗಬೇಕೆಂದು ಹೇಳುವ ಅಪ್‌ಡೇಟ್ ಸೋರ್ಸ್ ಟ್ರಿಗರ್‌ಗೆ ಪ್ರಾಪರ್ಟಿ ಚೇಂಜ್ಡ್ ಕೊಟ್ಟಿತ್ತು. ಗುಮಾಸ್ತರು 12.5 ಎಂದು ಒತ್ತಿದರೆ 125 ಆಗುತ್ತಿತ್ತು! ಸ್ನೂಪ್ ತೆರೆದಿಟ್ಟು ನಿಧಾನವಾಗಿ ಒತ್ತುತ್ತಾ ಟೆಕ್ಸ್ಟ್ ಪ್ರಾಪರ್ಟಿ ನೋಡಿದೆ. 1. ಆಮೇಲೆ 12. ಚುಕ್ಕೆ ಒತ್ತಿದರೆ ಮತ್ತೆ 12. ಆಮೇಲೆ 125. ಚುಕ್ಕೆ ಒತ್ತಿದ ಕ್ಷಣದಲ್ಲಿ '12.' ಎಂಬುದು ಸಂಖ್ಯೆಯಾಗಿ 12 ಆಗಿ, ಆ 12 ವಾಪಸ್ ಬಾಕ್ಸಿಗೆ ಬಂದು ಚುಕ್ಕೆಯನ್ನು ನುಂಗಿಬಿಡುತ್ತಿತ್ತು. ಡಾಟ್‌ನೆಟ್ 4.5ರಿಂದ ಹೀಗೆ. ಹಳೆಯ ನಡವಳಿಕೆ ಬೇಕಿದ್ದವರಿಗೆ ಒಂದು ಕಂಪ್ಯಾಟಿಬಿಲಿಟಿ ಸ್ವಿಚ್ ಕೊಟ್ಟಿದ್ದಾರೆ. ನಾವು ಅದಕ್ಕೆ ಕೈ ಹಾಕದೆ ಲಾಸ್ಟ್ ಫೋಕಸ್‌ಗೆ ಬಂದೆವು, ಬಾಕ್ಸ್ ಬಿಟ್ಟಮೇಲೆ ಮೊತ್ತ ಬದಲಾದರೂ ಮಂಡಿಯಲ್ಲಿ ನಡೆಯುತ್ತದೆ.

ಆದರೆ ಲಾಸ್ಟ್ ಫೋಕಸ್‌ಗೆ ಅದರದ್ದೇ ಕಾಟ. ಕೊನೆಯ ಬಾಕ್ಸಿನಲ್ಲಿ ಹಮಾಲಿ ಬರೆದು, ನೇರ ಮೇಲಿನ ಟೂಲ್‌ಬಾರಿನ ಸೇವ್ ಬಟನ್ ಒತ್ತಿದರೆ ಹಮಾಲಿ ಸೇವ್ ಆಗುವುದಿಲ್ಲ. ಟೂಲ್‌ಬಾರ್ ಬೇರೆ ಫೋಕಸ್ ಸ್ಕೋಪ್, ಅಂದರೆ ಫೋಕಸ್ ಲೆಕ್ಕವನ್ನು ಬೇರೆಯೇ ಇಟ್ಟುಕೊಳ್ಳುವ ಗುಂಪು, ಅದನ್ನು ಒತ್ತಿದರೂ ಟೆಕ್ಸ್ಟ್‌ಬಾಕ್ಸ್ ತನ್ನ ಫೋಕಸ್ ಹೋಗಿಲ್ಲ ಎಂದೇ ಭಾವಿಸುತ್ತದೆ. ಫೋಕಸ್ ಈಗ ಎಲ್ಲಿದೆ ಎಂದು ಸ್ನೂಪ್ ತೋರಿಸುವುದರಿಂದ ಕಾರಣ ಬೇಗ ಹೊಳೆಯಿತು. ಸೇವ್ ಬಟನ್ನನ್ನು ಟೂಲ್‌ಬಾರಿನಿಂದ ಕೆಳಗಿಳಿಸಿದೆವು.

ಇಷ್ಟು ಹೊಗಳಿದ ಮೇಲೆ ಬೇಸರವನ್ನೂ ಹೇಳಬೇಕು. ಪೆನ್‌ಡ್ರೈವ್ ಸುಖ ಬಹಳ ಕಾಲ ಉಳಿಯಲಿಲ್ಲ. ಸ್ನೂಪ್ ಕೆಲಸ ಮಾಡುವುದೇ ಬೇರೆ ಪ್ರೋಗ್ರಾಂ ಒಳಗೆ ತನ್ನ ಡಿಎಲ್‌ಎಲ್ (ಕೋಡ್ ಇರುವ ಫೈಲ್) ತುರುಕಿ. ಕಳ್ಳ ಸಾಫ್ಟ್‌ವೇರುಗಳು ಮಾಡುವುದೂ ಅದನ್ನೇ. ಹಾಗಾಗಿ ಗಿರಾಕಿಗಳ ಕಂಪ್ಯೂಟರಿನ ಆಂಟಿವೈರಸ್ ಇದನ್ನು ಕಂಡ ಕೂಡಲೇ ಎತ್ತಿ ಕ್ವಾರಂಟೈನಿಗೆ ಹಾಕುತ್ತದೆ. ಸ್ಕ್ರೀನಿನ ಮೂಲೆಯಲ್ಲಿ ಕೆಂಪು ಎಚ್ಚರಿಕೆ ಬಂದಾಗ ಯಜಮಾನರ ಮುಖ ನೋಡಬೇಕು. 'ನಮ್ಮ ಲೆಕ್ಕಕ್ಕೆ ವೈರಸ್ ತಂದಿದ್ದೀರಾ' ಎಂದವರಿಗೆ ಡಿಎಲ್‌ಎಲ್ ಇಂಜೆಕ್ಷನ್ ವಿವರಿಸುತ್ತಾ ಕೂರುವುದು ಯಾರಿಗೆ ಬೇಕು? ಆಂಟಿವೈರಸ್ ಆಫ್ ಮಾಡಿ ಎನ್ನುವುದು ಸರಿಯೂ ಅಲ್ಲ. ಈಗ ಅವರ ಡೇಟಾಬೇಸ್ ಬ್ಯಾಕಪ್ ಅನುಮತಿ ಪಡೆದು ಆಫೀಸಿಗೆ ತಂದು, ಅಲ್ಲಿಯೇ ಸ್ನೂಪ್ ಹಾಕುತ್ತೇವೆ. ಅಲ್ಲಿಗೆ ಬಂದಮೇಲೆ ಡಿಬಗರೂ ಇರುತ್ತದೆ, ಹಾಗಾಗಿ ಇದರ ಅರ್ಧ ಲಾಭ ಹೋದಹಾಗೆ.

ಎರಡನೆಯದು, ಡೇಟಾಗ್ರಿಡ್ (ಡೇಟಾ ತೋರಿಸುವ ಕೋಷ್ಟಕ) ಕಾಲಮುಗಳು. ಕೆಲವು ಮಂಡಿಗಳಿಗೆ ದಲಾಲಿ ಕಾಲಂ ಬೇಡ, ಅದರ ವಿಸಿಬಿಲಿಟಿಯನ್ನು ಸೆಟ್ಟಿಂಗಿಗೆ ಬೈಂಡ್ ಮಾಡಿದರೆ ಬೈಂಡ್ ಆಗುವುದಿಲ್ಲ. ಕಾಲಂ ಎಂಬುದು ವಿಷುಯಲ್ ಟ್ರೀಯಲ್ಲಿ ಇಲ್ಲವೇ ಇಲ್ಲ, ಹಾಗಾಗಿ ಅದಕ್ಕೆ ಡೇಟಾ ಕಾಂಟೆಕ್ಸ್ಟ್ ಹರಿದು ಬರುವುದಿಲ್ಲ. ಟ್ರೀಯಲ್ಲಿ ಇಲ್ಲದ್ದನ್ನು ಸ್ನೂಪ್ ಹೇಗೆ ತೋರಿಸೀತು? ಕಂಟ್ರೋಲ್-ಶಿಫ್ಟ್ ಹಿಡಿದು ಎಷ್ಟು ತಡಕಾಡಿದರೂ ಹೆಡರ್ ಸಿಗುತ್ತದೆ, ಸೆಲ್ ಸಿಗುತ್ತದೆ, ಕಾಲಂ ಸಿಗುವುದಿಲ್ಲ. ಕೊನೆಗೆ ಔಟ್‌ಪುಟ್ ವಿಂಡೋದ 'ಎರರ್ 2' ಸಾಲೇ ಗತಿ. ಡಬ್ಲ್ಯುಪಿಎಫ್‌ನದೇ ಫ್ರೀಜಬಲ್ ಕ್ಲಾಸಿನಿಂದ ಇಳಿದ ಒಂದು ಪ್ರಾಕ್ಸಿ (ಮಧ್ಯವರ್ತಿ) ಕ್ಲಾಸ್ ಬರೆದು ರಿಸೋರ್ಸ್‌ನಲ್ಲಿಟ್ಟು, ಅದರ ಮೂಲಕ ಬೈಂಡ್ ಮಾಡಬೇಕು.

ಮೂರನೆಯದು ನನ್ನೊಬ್ಬನ ಗೊಣಗಾಟ ಇರಬಹುದು. ಸ್ನೂಪ್‌ನಲ್ಲೇ ಮಾರ್ಜಿನ್ ಬದಲಾಯಿಸಿ, ಅಗಲ ತಿದ್ದಿ, ಬಣ್ಣ ಹೊಂದಿಸಿ ಪರದೆಯನ್ನು ಚೆಂದ ಮಾಡಬಹುದು. ಅಪ್ಲಿಕೇಶನ್ ಮುಚ್ಚಿದರೆ ಅಷ್ಟೂ ಮಾಯ. ಪ್ರತಿ ವ್ಯಾಲ್ಯೂವನ್ನೂ ಚೀಟಿಯಲ್ಲಿ ಬರೆದುಕೊಂಡು ಝ್ಯಾಮಲ್‌ಗೆ, ಅಂದರೆ ಪರದೆಯ ವಿನ್ಯಾಸ ಬರೆದಿಡುವ ಫೈಲಿಗೆ, ವಾಪಸ್ ಹಾಕಬೇಕು. ಈ ಕೆಲಸಕ್ಕೆ ವಿಷುಯಲ್ ಸ್ಟುಡಿಯೋದ ಹಾಟ್ ರೀಲೋಡ್ (ಝ್ಯಾಮಲ್ ತಿದ್ದಿದ ಕೂಡಲೇ ಓಡುತ್ತಿರುವ ಪರದೆಯೂ ಬದಲಾಗುವ ಸೌಲಭ್ಯ) ಎಷ್ಟೋ ಮೇಲು. 2015ರ ಆವೃತ್ತಿಯಲ್ಲೇ ಲೈವ್ ವಿಷುಯಲ್ ಟ್ರೀ ಬಂತು, 2019ರದ್ದರಲ್ಲಿ ಬೈಂಡಿಂಗ್ ತಪ್ಪುಗಳಿಗೆಂದೇ ಒಂದು ಪಟ್ಟಿ ಬಂತು. ಎರರ್ 40 ಹುಡುಕಲು ಈಗ ನಾನು ಸ್ನೂಪ್ ತೆರೆಯುವುದಿಲ್ಲ, ಆ ಪಟ್ಟಿಯನ್ನೇ ನೋಡುತ್ತೇನೆ. ನಮ್ಮಂಥ ಸಣ್ಣ ತಂಡಕ್ಕೆ ಕಮ್ಯುನಿಟಿ ಎಡಿಶನ್ ಪುಕ್ಕಟೆ, ಆದ್ದರಿಂದ ದುಡ್ಡಿನ ಮಾತೂ ಬರುವುದಿಲ್ಲ.

ಹಾಗಾದರೆ ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ ಎಂದರೆ ಉತ್ತರ ಶೀರ್ಷಿಕೆಯಲ್ಲೇ ಇದೆ. ಎರರ್ ಬರುವ ತಪ್ಪನ್ನು ಯಾವ ಟೂಲ್ ಬೇಕಾದರೂ ಹಿಡಿಯುತ್ತದೆ. ಎರರ್ ಇಲ್ಲದೆ ಬಿಳಿಯಾಗಿಯೇ ಉಳಿದ ಸಾಲು, ತಪ್ಪು ಜಾಗದಲ್ಲಿ ಕೂತ ಕಾಮಾ, ಇಂಥವಕ್ಕೆ ನನಗೆ ಮೌಸ್ ಇಟ್ಟ ಕಡೆಯೇ ಒಂದೇ ಪದದ ಉತ್ತರ ಬೇಕು. ನನ್ನ ಲ್ಯಾಪ್‌ಟಾಪಿನಲ್ಲಿ 8 ಜಿಬಿ ರ‍್ಯಾಮ್ ಮಾತ್ರ ಇದೆ. ಡಿಬಗರ್ ಹಾಕಿ ನಮ್ಮ ಸೊಲ್ಯೂಶನ್ ಓಡಿಸಿದರೆ ಫ್ಯಾನ್ ಕೂಗಲು ಶುರುಮಾಡುತ್ತದೆ, ಸ್ನೂಪ್ ಒಂದೇ ಆದರೆ ಅದಕ್ಕೆ ಏನೂ ಅನಿಸುವುದಿಲ್ಲ. 32 ಜಿಬಿ ಇರುವ ಬೆಂಗಳೂರಿನ ಆಫೀಸಿನವರ ಲೆಕ್ಕ ಬೇರೆ ಇದ್ದೀತು.

ಐದರಲ್ಲಿ ನಾಲ್ಕು ಸ್ಟಾರ್. ಕಳೆದ ಒಂದು ದಲಾಲಿ ಕಾಲಂಗೆ. ಆಂಟಿವೈರಸ್ ಗಲಾಟೆಗೆ ಕಳೆದಿಲ್ಲ, ಅದು ಇದರ ತಪ್ಪಲ್ಲ. ಡಬ್ಲ್ಯುಪಿಎಫ್‌ಗಿಂತ ಹಳೆಯದಾದ ವಿನ್‌ಫಾರ್ಮ್ಸ್‌ನಲ್ಲಿ ಕೆಲಸ ಮಾಡುವವರು ಇಳಿಸಿಕೊಳ್ಳಬೇಡಿ, ಅದರ ಕಂಟ್ರೋಲುಗಳ ಒಳಗೆ ಇದಕ್ಕೆ ಕಾಣುವುದಿಲ್ಲ. ಡಬ್ಲ್ಯುಪಿಎಫ್‌ನವರು ಇಳಿಸಿಕೊಂಡರೆ ಮೊದಲು ನಿಮ್ಮ ಮುಖ್ಯ ವಿಂಡೋದ ಲ್ಯಾಂಗ್ವೇಜ್ ಪ್ರಾಪರ್ಟಿ ಒಮ್ಮೆ ನೋಡಿ.